ಗುಡ್ಡದ ಮೇಲಿಂದ ಕಂಡ ಶರ್ಟು

ವರ್ಷಕ್ಕೊಂದು ದಿನ, ಸುಡು ಬೇಸಿಗೆಯಲ್ಲಿ, ಅಕ್ಕ ತಂಗಿ ಇಬ್ಬರೂ ತಮ್ಮ ಹೊಲಿಗೆ ಅಂಗಡಿಗೆ ಬೀಗ ಜಡಿದು ಬೀದಿಯಾಚೆಯ ಗುಡ್ಡ ಹತ್ತುತ್ತಿದ್ದರು. ಇಬ್ಬರೂ ಹತ್ತುತ್ತಿದ್ದರು ಅನ್ನುವುದು ದೊಡ್ಡ ಮಾತಾಯಿತು. ತುದಿ ಮುಟ್ಟುತ್ತಿದ್ದವಳು ಗಿರಾಕಿಗಳ ಬಾಯಲ್ಲಿ ದೊಡ್ಡ ಟೈಲರಮ್ಮ ಎನಿಸಿಕೊಂಡ ಅಕ್ಕ ಮಾತ್ರ. ಚಿಕ್ಕ ಟೈಲರಮ್ಮನ ಮಂಡಿ ಅರ್ಧ ದಾರಿಯಲ್ಲೇ ಮುಷ್ಕರ ಹೂಡುತ್ತಿತ್ತು. ಅಲ್ಲೊಂದು ಕಲ್ಲುಬೆಂಚು ಇತ್ತು. ಇಪ್ಪತ್ತೆರಡು ವರ್ಷದಲ್ಲಿ ಅವಳು ಆ ಬೆಂಚು ದಾಟಿದವಳಲ್ಲ.

ಈ ಸಲ ಹೊರಡೋಣ ಎಂದು ಗಂಟುಬಿದ್ದವಳು ತಂಗಿಯೇ. ಅದೂ ಶಾಲೆಯ ಸಮವಸ್ತ್ರಗಳು ಆಳೆತ್ತರ ರಾಶಿ ಬಿದ್ದಿದ್ದ ವಾರದಲ್ಲಿ.

"ಈಗ ಅಂಗಡಿ ಮುಚ್ಚಿದ್ರೆ ಗಿರಾಕಿಗಳು ನಮ್ಮನ್ನೇ ಹಿಡಿದು ಹೊಲಿದುಬಿಡ್ತಾರೆ ಕಣೇ," ಅಂದಳು ಅಕ್ಕ.

"ಒಂದು ದಿನಕ್ಕೆ ಆಕಾಶ ಕಳಚಿ ಬೀಳಲ್ಲ. ಬಾ ಅಕ್ಕ."

ಅಕ್ಕನ ಚೀಲವನ್ನೂ ತಂಗಿಯೇ ತುಂಬಿದ್ದಳು. ಬೆಂಚಿನ ಹತ್ತಿರ ಅಕ್ಕನ ಕತ್ತಿನ ಬೆವರು ಒರೆಸಿ, "ನಿಧಾನವಾಗಿ ಹೋಗಿ ಬಾ, ನನಗೇನೂ ಅವಸರ ಇಲ್ಲ," ಅಂದಳು. ಬೇರೆ ವರ್ಷಗಳಲ್ಲಾದರೆ "ಬೇಗ ಬಾ, ಹಸಿವು" ಎಂದು ಬಾಯಿ ಬಡಿದುಕೊಳ್ಳುತ್ತಿದ್ದವಳು! ಅಂತೂ ವಯಸ್ಸಾದ ಮೇಲೆ ಬುದ್ಧಿ ಬಂತು ಎಂದು ಅಕ್ಕ ಹಿಗ್ಗಿದಳು. ಹಿಗ್ಗಿದ್ದೇ ತಪ್ಪು.

ಕಾಡಿನೊಳಗೆ ಗಾಳಿಯೇ ಇರಲಿಲ್ಲ. ಒಣಗಿದ ಎಲೆಯ ಮೇಲೆ ಕಾಲು ಜಾರುತ್ತಿತ್ತು, ಜೀರುಂಡೆಗಳು ಕಿವಿ ತೂತು ಮಾಡುತ್ತಿದ್ದವು. ತುದಿಯ ಕಬ್ಬಿಣದ ಕಟಕಟೆ ಹಿಡಿಯುವಷ್ಟರಲ್ಲಿ ಏದುಸಿರು ಬಂದಿತ್ತು. ಪ್ರತಿ ವರ್ಷ ಸಿಗುವ, ಹಕ್ಕಿ ನೋಡುವ ಮುದುಕರೊಬ್ಬರು ದುರ್ಬೀನು ಹಿಡಿದು ಅಲ್ಲೇ ಕೂತಿದ್ದರು. ಸೌತೆಕಾಯಿಗೆಂದು ಚೀಲಕ್ಕೆ ಕೈ ಹಾಕಿದರೆ ಬಟ್ಟೆ ಸುತ್ತಿದ ಭಾರದ ವಸ್ತುವೊಂದು ಸಿಕ್ಕಿತು. ಬಿಚ್ಚಿದಳು. ಅವಳದೇ ಕತ್ತರಿ! ಬಟ್ಟೆ ಕತ್ತರಿಸುವ, ಯಾರೂ ಮುಟ್ಟಕೂಡದ, ಕಪ್ಪು ಹಿಡಿಯ ಉದ್ದನೆ ಕತ್ತರಿ.

"ಚಾಕು ಇಡು ಅಂದ್ರೆ ಕತ್ತರಿ ಇಟ್ಟಿದ್ದಾಳೆ ನೋಡಿ, ನನ್ನ ತಂಗಿ," ಎಂದು ಮುದುಕರೆದುರು ನಕ್ಕಳು.

ಆಮೇಲೆ ದುರ್ಬೀನು ಕೇಳಿ ಪಡೆದಳು. ಇದು ಅವಳ ಗುಟ್ಟಿನ ಸುಖ. ನೀರಿನ ಹಳದಿ ಟ್ಯಾಂಕಿನ ಪಕ್ಕ, ಗುಡ್ಡದ ಬುಡಕ್ಕೇ ಅಂಟಿಕೊಂಡ ಬೀದಿಯಲ್ಲಿ, ತಮ್ಮ ಅಂಗಡಿಯ ಕೆಂಪು ತಗಡು ಕಾಣುತ್ತಿತ್ತು. ಮೇಲೆ ಬರಲಾರದ ತಂಗಿಯ ಹೊಟ್ಟೆ ಉರಿಸುವುದೇಕೆ ಎಂದು, "ಬರೀ ಮರ ಕಣೇ, ಏನೂ ಕಾಣಲ್ಲ," ಅಂತಲೇ ಹೇಳಿಕೊಂಡು ಬಂದಿದ್ದಳು.

ಅಂಗಡಿಯ ಮುಂದೆ ಲಾರಿ ನಿಂತಿತ್ತು. ಏಣಿ ಹತ್ತಿದವನೊಬ್ಬ ಅಂಗಡಿಯ ಬೋರ್ಡು ಬಿಚ್ಚುತ್ತಿದ್ದ. ಕಳ್ಳರೇ? ಮುಖ ಆಚೆ ಇತ್ತು. ಆದರೆ ಅವನ ಶರ್ಟಿನ ದಪ್ಪ ನೀಲಿ ಪಟ್ಟೆಗಳು ಬೆನ್ನಲ್ಲೆಲ್ಲ ಉದ್ದಕ್ಕಿದ್ದು, ಎಡ ಹೆಗಲ ಹತ್ತಿರ ಮಾತ್ರ ಅಡ್ಡಕ್ಕಿದ್ದವು. ಬಟ್ಟೆ ಸಾಲದೆ ಆ ಒಂದು ಹೆಗಲಿಗೆ ಅಡ್ಡತುಂಡು ಕೂಡಿಸಿ, "ಫ್ಯಾಷನ್ನು ಅಂದ್ಕೊಳ್ತಾರೆ ಬಿಡಪ್ಪ," ಎಂದು ಹೊಲಿದುಕೊಟ್ಟವಳು ಅವಳೇ. ಊರಲ್ಲಿ ಅಂಥದ್ದು ಇನ್ನೊಂದಿಲ್ಲ. ತಂಗಿಯ ಗಂಡನ ಶರ್ಟು ಅದು.

ಒಳಗಿಂದ ಇಬ್ಬರು ಅವಳ ಕಟಿಂಗ್ ಮೇಜನ್ನು ಕಾಲು ಮೇಲೆ ಮಾಡಿ ಹೊತ್ತು ತಂದರು.

ಅಂಗಡಿಯನ್ನು ಮೊಬೈಲ್ ಅಂಗಡಿ ಮಾಡ್ತೀನಿ ಎಂದು ಅವನು ಆರು ತಿಂಗಳ ಹಿಂದೆ ಕೇಳಿದ್ದ. ಅಂಗಡಿಯ ಬಾಡಿಗೆ ಕರಾರು ಅವನ ಹೆಸರಲ್ಲಿತ್ತು. ಮನೆಯವನೇ ಅಲ್ಲವೇ ಎಂದು ಅಕ್ಕನೇ ಅವನಿಂದ ಸಹಿ ಹಾಕಿಸಿದ್ದಳು. "ನಾನು ಬದುಕಿರೋವರೆಗೂ ಆಗಲ್ಲ," ಎಂದು ಅಕ್ಕ ಹೇಳಿದಾಗ ತಂಗಿ ಗಂಡನ ಮೇಲೇ ರೇಗಿ, "ಅಕ್ಕ ಹೇಳಿದ್ದೇ ಕೊನೆ," ಅಂದಿದ್ದಳು. ಅವತ್ತು ಆ ಮಾತಿಗೆ ಅಕ್ಕನ ಕಣ್ಣು ತುಂಬಿತ್ತು. ಈಗ ಅದೇ ಕಣ್ಣಿಗೆ ಮಣ್ಣೆರಚಿದ್ದರು.

ಸೌತೆಕಾಯಿಯನ್ನು ಮುದುಕರ ಪಕ್ಕದಲ್ಲೇ ಬಿಟ್ಟು ಇಳಿದಳು.

"ಇಷ್ಟು ಬೇಗ ಬಂದ್ಯಾ?" ತಂಗಿ ಗಾಬರಿಯಾದಳು. "ಏನು ಕಂಡಿತು?"

"ನಿನ್ನ ಗಂಡನ ಶರ್ಟಿನ ಬೆನ್ನು."

ತಂಗಿ ನಗಲು ಹೋದಳು, ನಗು ಬರಲಿಲ್ಲ. "ಅಲ್ಲಿಂದ ಅಂಗಡಿ ಕಾಣುತ್ತಾ?"

ಯಾವ ಶರ್ಟು ಎಂದು ಕೇಳಲಿಲ್ಲ, ಏನಾಯಿತು ಎಂದೂ ಕೇಳಲಿಲ್ಲ. ಅಲ್ಲಿಯವರೆಗೆ ಅಕ್ಕನಿಗೆ, ಇವಳಿಗೆ ಗೊತ್ತಿರಲಿಕ್ಕಿಲ್ಲ ಎಂಬ ಒಂದು ಕೂದಲೆಳೆಯಷ್ಟು ಆಸೆ ಇತ್ತು.

"ನಿನ್ನೆದುರಿಗೆ ಹೇಳೋಕೆ ಧೈರ್ಯ ಬರಲಿಲ್ಲ ಅಕ್ಕ. ಮೇಜು, ಮಿಷಿನ್ನು ಹೊರಗೆ ಹಾಕೋದನ್ನ ನೀನು ನೋಡೋದು ಬೇಡ ಅಂತ..."

"ಅದಕ್ಕೆ ಈ ಮಂಡಿ ಎಳ್ಕೊಂಡು ಇಲ್ಲಿವರೆಗೂ ಬಂದೆ." ಅಕ್ಕ ಕತ್ತರಿಯನ್ನು ಬೆಂಚಿನ ಮೇಲಿಟ್ಟಳು. "ಇದನ್ಯಾಕೆ ಇಟ್ಟೆ?"

"ಅದೂ ಲಾರಿಗೆ ಹೋಗ್ಬಿಡುತ್ತೇನೋ ಅಂತ ಭಯ ಆಯ್ತು. ಅದು ನಿಂದಲ್ವಾ ಅಕ್ಕ."

"ಹೌದು, ನಂದು," ಅಂದಳು ಅಕ್ಕ. "ಮಿಕ್ಕಿದ್ದು?"

ತಂಗಿ ಎದ್ದು, ಪ್ರತಿ ವರ್ಷ ಇಳಿಯುವಾಗ ಮಾಡುವಂತೆ ಅಕ್ಕನ ಹೆಗಲಿಗೆ ಕೈ ಚಾಚಿದಳು.

ಅಕ್ಕ ಹೆಗಲು ಸರಿಸಿಕೊಂಡಳು. ಕತ್ತರಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ನೀರಿನ ಬಾಟಲಿಯನ್ನು ತಂಗಿಯ ಪಕ್ಕ ಇಟ್ಟಳು.

"ನಿನ್ನ ಗಂಡನಿಗೆ ಫೋನ್ ಮಾಡು," ಅಂದಳು. "ನನ್ನ ಮೇಜು ಇಳಿಸಿದ ಮೇಲೆ ಬಂದು ನಿನ್ನನ್ನೂ ಹೊತ್ಕೊಂಡು ಹೋಗಲಿ."