ಬಲಗಾಲಿನ ಚಪ್ಪಲಿ

ಎಡಗಾಲಿಗೆ ಚಪ್ಪಲಿ ಸಲೀಸಾಗಿ ಹೋಯಿತು, ಬಲಗಾಲಿಗೆ ಹೋಗಲಿಲ್ಲ. ಸುಗುಣಾ ಶವಪೆಟ್ಟಿಗೆಯ ಮೇಲೆ ಬಗ್ಗಿ, ಅವ್ವನ ಜೈಪುರ ಕಾಲಿನ ರಬ್ಬರು ಬೆರಳನ್ನು ಚಪ್ಪಲಿಯ ಉಂಗುಟದೊಳಗೆ ತೂರಿಸಲು ಮತ್ತೊಮ್ಮೆ ನೋಡಿದಳು. ದಾನವ್ವ ದಿನಾ ಅದನ್ನು ಹೇಗೆ ಹಾಕಿಕೊಳ್ಳುತ್ತಿದ್ದಳೋ, ಮೂರು ವರ್ಷದಲ್ಲಿ ಒಂದು ಸಲವೂ ಮಗಳ ಕೈ ಹಚ್ಚಗೊಟ್ಟಿರಲಿಲ್ಲ.

"ಬಿಡು ಸುಗುಣಾ, ಹೊದಿಕೆ ಮುಚ್ಚಿರತ್ತೆ, ಯಾರಿಗೂ ಕಾಣಲ್ಲ. ಹನ್ನೊಂದಕ್ಕೆ ಸರ್ವಿಸು" ಎಂದ ಗಂಡ ಜಯಾನಂದ. ಜೇಬಿನಲ್ಲಿ ಅವನ ಪೇಜರು ಗುರುಗುಟ್ಟಿತು. ಅದನ್ನು ತೆಗೆದು ಆಫ್ ಮಾಡಿ, ಅತ್ತೆಯ ಸೆರಗಿನ ಅಂಚನ್ನು ತಾನೇ ಸರಿಮಾಡಿದ. ಬೆಂಗಳೂರಿನವನು, ಮಾತು ಕಮ್ಮಿ, ಒಳ್ಳೆಯವನು.

ಕೃತಕ ಕಾಲನ್ನು ಹಾಗೇ ಬಿಡಬೇಕೇ, ಬಿಚ್ಚಬೇಕೇ ಎಂದು ಫ್ಯೂನರಲ್ ಹೋಮಿನ ಕೆಲಸದವನು ಮೆತ್ತಗೆ ಕೇಳಿದ. ಇರಲಿ ಎಂದಳು ಸುಗುಣಾ. ಅವ್ವ ಕಾಲಿಲ್ಲದೆ ಹೊರಗೆ ಹೊರಟವಳೇ ಅಲ್ಲ.

ಗೋಡೆಗೆ ಒರಗಿ ನಿಂತಿದ್ದ ಮಗಳು ಶರೊನ್‌ಗೆ ಹದಿನಾಲ್ಕು. "ಮಾಮ್, ವೇರ್ ಇಸ್ ದ ರಿಯಲ್ ಒನ್?" ಎಂದಳು.

"ಯಾವುದು?"

"ಅಜ್ಜೀಸ್ ಫೂಟ್."

"ದವಾಖಾನ್ಯಾಗ ಒಗದಿರ್ತಾರ. ಅದೆಲ್ಲಾ ಯಾಕ ಈಗ?" ಎಂದು ಸುಗುಣಾ ಬಲಗಾಲಿನ ಚಪ್ಪಲಿಯನ್ನು ತನ್ನ ಹ್ಯಾಂಡ್‌ಬ್ಯಾಗಿಗೆ ಹಾಕಿಕೊಂಡಳು.

ಅವಳ ಎದೆಯಲ್ಲಿ ಕೂತದ್ದು ಬೇರೆ. ಅವ್ವನನ್ನು ಅಮೆರಿಕಕ್ಕೆ ಹತ್ತಿಸಿಕೊಂಡು ಬಂದ ದಿನ ಬಾಂಬೆ ವಿಮಾನ ನಿಲ್ದಾಣದಲ್ಲಿ ಅವಳೊಂದು ಮಾತು ಕೊಟ್ಟಿದ್ದಳು: ಏನಾದರೂ ಹೆಚ್ಚುಕಮ್ಮಿಯಾದರೆ ನಿನ್ನನ್ನು ಕರಿಗಟ್ಟಿಗೇ ಒಯ್ದು ಅಪ್ಪನ ಪಕ್ಕ ಇಡುತ್ತೇನೆ. ಈಗ ಗ್ರೀನ್ ಕಾರ್ಡಿನ ಕಾಗದ ನಡುದಾರಿಯಲ್ಲಿತ್ತು. ದೇಶ ಬಿಟ್ಟರೆ ಎಲ್ಲ ಮೊದಲಿನಿಂದ. ಪೆಟ್ಟಿಗೆಯೊಂದನ್ನೇ ಕಳಿಸೋಣವೆಂದರೆ ಆ ಕಡೆ ಇಳಿಸಿಕೊಳ್ಳುವ ಹತ್ತಿರದವರು ಯಾರೂ ಉಳಿದಿರಲಿಲ್ಲ. ಎರಡೇ ದಿನದಲ್ಲಿ ಹತ್ತಿರದ ಕೋಲ್ಮಾದ ಸ್ಮಶಾನದಲ್ಲಿ ಜಾಗ ಗೊತ್ತಾಯಿತು. ಅವ್ವನಿಗೆ ಕೊಟ್ಟ ಮಾತು ಮುರಿದೆ ಎಂದು ಸುಗುಣಾ ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

*

ಕರಿಗಟ್ಟಿ ಗದಗಿನಿಂದ ಬಸ್ಸಿನಲ್ಲಿ ಒಂದು ತಾಸು. ಬ್ರಿಟಿಷರ ಕಾಲದಲ್ಲಿ ಯಾರೋ ಒಬ್ಬ ಕಲೆಕ್ಟರ ಊರ ಹೊರಗೆ ಆರು ಎಕರೆ ಎರೆಭೂಮಿ ಅಳೆಸಿ, ಕಲ್ಲು ನೆಡಿಸಿ, ಮಿಶನ್ನಿಗೆ ಬಿಟ್ಟುಕೊಟ್ಟಿದ್ದ. ಎರಡು ಎಕರೆ ಕ್ರೈಸ್ತರ ದೇವಾಲಯಕ್ಕೆ, ಎರಡು ಮಕ್ಕಳ ಸಾಲಿಗೆ, ಎರಡು ಸಮಾಧಿಗೆ. ಜೊತೆಗೊಂದು ಷರತ್ತು: ಯಾವ ಕೆಲಸಕ್ಕೆ ಕೊಟ್ಟಿದೆಯೋ ಆ ಕೆಲಸ ಹನ್ನೆರಡು ವರ್ಷ ನಿಂತರೆ ಆ ತುಂಡು ಸರಕಾರಕ್ಕೆ ವಾಪಸು. ಕಲೆಕ್ಟರ ಹೋದ, ಅವನ ರಾಣಿ ಹೋದಳು, ಷರತ್ತು ಮಾತ್ರ ತಾಲೂಕು ಕಚೇರಿಯ ಕಪಾಟಿನಲ್ಲಿ ಗಟ್ಟಿಮುಟ್ಟಾಗಿ ಉಳಿಯಿತು.

ದಾನವ್ವ ಆ ಸಾಲಿಯಲ್ಲಿ ಪಾಠ ಹೇಳುವ ಅಕ್ಕೋರು, ಅವಳ ಗಂಡ ಸಮುವೇಲ ಮಾಸ್ತರ. ಎಂಬತ್ತೆರಡನೆಯ ಇಸವಿಯಲ್ಲಿ ಮಾಸ್ತರರು ತೀರಿಕೊಂಡ ಮೇಲೆ ಆರೂ ಎಕರೆ ದಾನವ್ವನ ಹೆಗಲಿಗೆ ಬಂತು. ರವಿವಾರ ಗಂಟೆ ಬಾರಿಸುವವಳು ಅವಳೇ, ಸೋಮವಾರ ಹಾಜರಿ ಕೂಗುವವಳೂ ಅವಳೇ. ದೇವಾಲಯಕ್ಕೆ ನಾಲ್ಕು ಮನೆಯವರು ಬಂದರೂ ನಲವತ್ತು ಮನೆಯವರು ಬಂದಂತೆ ಬಾರಿಸುತ್ತಿದ್ದಳು. ರಿಟೈರಾದ ಮೇಲೂ ಕುರುಬರ ಓಣಿಗೆ ಹೋಗಿ ಮಕ್ಕಳನ್ನು ರಟ್ಟೆ ಹಿಡಿದು ಎಳೆದು ತಂದು ಕೂರಿಸುತ್ತಿದ್ದಳು. ಮೂರನೆಯದಾದ ಸಮಾಧಿಯ ಜಾಗಕ್ಕೆ ಮಾತ್ರ ಅವಳ ಉಪಾಯ ನಡೆಯಲಿಲ್ಲ.

"ಸಾಲಿಗಿ ಹುಡುಗರನ್ನ ಎಳಕೊಂಡು ಬರಬಹುದು. ಇಲ್ಲಿಗಿ ಯಾರನ್ನ ಎಳಕೊಂಡು ಬರ್ಲಿ?" ಎನ್ನುತ್ತಿದ್ದಳು. "ಮುದುಕರೆಲ್ಲ ಮಕ್ಕಳ ಮನೀಗಂತ ಹುಬ್ಬಳ್ಳಿಗಿ ಹೋಗಿ ಅಲ್ಲೇ ಸಾಯ್ತಾರ. ಒಬ್ಬರಿಗರ ಊರ ಅಭಿಮಾನ ಐತೇನು?"

ಆ ಸಮಾಧಿಯ ಜಾಗದಲ್ಲಿ ಸುಗುಣಾಳಿಗೆ ಎಂದೂ ಅಂಜಿಕೆಯಾದದ್ದಿಲ್ಲ. ಬೇಸಿಗೆಯಲ್ಲಿ ಅಜ್ಜನ ಗೋರಿಕಲ್ಲಿನ ಮೇಲೆ ಹಪ್ಪಳ ಒಣಗುತ್ತಿದ್ದವು, ಅಜ್ಜಿಯ ಕಲ್ಲಿನ ಮೇಲೆ ಕೂತು ಅವಳು ಮಗ್ಗಿ ಬಾಯಿಪಾಠ ಮಾಡುತ್ತಿದ್ದಳು. ಅಪ್ಪ ಹೋದ ವರ್ಷ ಅವ್ವ ಅವನ ಗೋರಿಯ ಪಕ್ಕ ಬಲಗಾಲಿನ ಹೆಬ್ಬೆರಳಿನಿಂದ ಮಣ್ಣಿನಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದಿದ್ದಳು.

"ಇದು ನಂದು. ನಾ ಇಲ್ಲಿ ಮಲಗಿದ್ರ ಈ ಜಾಗಾ ಉಳೀತದ" ಎಂದಿದ್ದಳು.

*

ಕೋಲ್ಮಾದಲ್ಲಿ ಮಂಜು ಇನ್ನೂ ಎದ್ದಿರಲಿಲ್ಲ. ಆ ಊರಿನಲ್ಲಿ ಬದುಕಿರುವವರಿಗಿಂತ ಮಣ್ಣಾದವರೇ ಹೆಚ್ಚು. ಮೊದಲ ಸಲ ಈ ದಾರಿಯಲ್ಲಿ ಬಂದಾಗ ದಾನವ್ವ ಕಾರು ನಿಲ್ಲಿಸಲು ಹೇಳಿ, ಗುಡ್ಡದುದ್ದಕ್ಕೂ ಕಾಣುವ ಕಲ್ಲುಗಳನ್ನು ನೋಡಿದ್ದಳು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಾಗ ತುಟ್ಟಿಯಾದಾಗ ಅಲ್ಲಿಯ ಗೋರಿಗಳನ್ನೆಲ್ಲ ಅಗೆದು ಇಲ್ಲಿಗೆ ತಂದರಂತೆ ಎಂದು ಅಳಿಯ ವಿವರಿಸಿದ್ದ. "ಹಂಗಾರ ಇಲ್ಲೂ ಸರಕಾರ ಐತಿ" ಎಂದು ಕಾರಿನ ಗಾಜು ಏರಿಸಿಕೊಂಡಿದ್ದಳು.

ಗೇಟಿನ ಹತ್ತಿರ ಗುರುಶಾಂತಪ್ಪನವರು ಕಾಯುತ್ತ ನಿಂತಿದ್ದರು. ಹಣೆಗೆ ವಿಭೂತಿ, ಮಗನ ಹಳೆಯ ಕೋಟು, ಕಂಕುಳಲ್ಲಿ ರೆಕ್ಸಿನ್ ಚೀಲ. ರೆಡ್‌ವುಡ್ ಸಿಟಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಗದಗಿನ ಕಡೆ ಕಂದಾಯ ಇಲಾಖೆಯಲ್ಲಿದ್ದವರು. ಕರಿಗಟ್ಟಿಯ ಸಮಾಧಿಯ ಜಾಗವನ್ನು ಬಸ್‌ಸ್ಟ್ಯಾಂಡಿಗೆಂದು ವಾಪಸು ಪಡೆಯಲು ನೋಟೀಸು ಹಿಡಿದುಕೊಂಡು ಹೋದವರೇ ಇವರು. ಎರಡು ವರ್ಷದ ಹಿಂದೆ ಇಲ್ಲಿಯ ಪಾರ್ಕಿನ ಬೆಂಚಿನ ಮೇಲೆ ದಾನವ್ವ ಇವರ ಗುರುತು ಹಿಡಿದಳು. ಆಮೇಲೆ ಗುರುವಾರ ತಪ್ಪದೆ ರೊಟ್ಟಿ ಊಟಕ್ಕೆ ಬರುತ್ತಿದ್ದರು. ಅವಳು ಅವರನ್ನು 'ಸರಕಾರ' ಎಂದು ಕರೆಯುತ್ತಿದ್ದಳು, ಅವರು 'ಅಕ್ಕೋರ' ಎನ್ನುತ್ತಿದ್ದರು. ಇಬ್ಬರೂ ತಾಸುಗಟ್ಟಲೆ ಸರ್ವೆ ನಂಬರು ಮಾತಾಡುತ್ತಿದ್ದರು.

ಪಾಸ್ಟರ್ ಬರುವುದು ತಡವಿತ್ತು. ಸುಗುಣಾ ಅವರ ಹತ್ತಿರ ಹೋಗಿ ನಿಂತಳು. "ಕಾಕಾ, ನಾ ತಪ್ಪು ಮಾಡಾಕತ್ತೀನಿ."

"ಏನ ತಪ್ಪವಾ?"

"ಅವ್ವನ್ನ ಇಲ್ಲಿ ಇಡಾಕತ್ತೀನಿ. ಆ ಜಾಗಾ ಇನ್ನ ಹೋದಂಗ. ಅಷ್ಟು ವರ್ಷ ಅವ್ವ ಹಿಡಕೊಂಡಿದ್ದನ್ನ ನಾ ಕೈಯಾರೆ ಬಿಟ್ಟಂಗಾತು."

"ಯಾರ ಹೇಳ್ಯಾರ ಹೋಗತೈತಿ ಅಂತ?"

"ನೀವ ನೋಟೀಸ್ ತಂದಿದ್ರೆಲ್ಲ. ಸಾಹೇಬ್ರು ಒಳ್ಳೇವ್ರು, ಮುದುಕಿ ಸಾಯೋತನಕ ಇರ್ಲಿ ಅಂತ ಬಿಟ್ರು ಅಂದಿದ್ಲು ಅವ್ವ."

ಗುರುಶಾಂತಪ್ಪ ಚೀಲವನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿದರು. "ನಾ ಅಂಥಾ ಒಳ್ಳೆಯವ ಏನಲ್ಲ. ಕಾಗದ ಇಲ್ಲದ ಗೇಣು ಭೂಮಿ ಬಿಟ್ಟವನಲ್ಲ. ಅಕ್ಕೋರು ನಿನಗ ಖರೇನ ಏನೂ ಹೇಳಿಲ್ಲೇನು?"

*

ತೊಂಬತ್ನಾಲ್ಕರ ಜೂನ್. ಮಾಸ್ತರರ ಮಣ್ಣಾಗಿ ಹನ್ನೆರಡು ವರ್ಷ ತುಂಬಲು ಒಂದು ವಾರವಿತ್ತು; ಅವರ ನಂತರ ಅಲ್ಲಿ ಯಾರನ್ನೂ ಹೂಳಿರಲಿಲ್ಲ. ಗುರುಶಾಂತಪ್ಪ ಹೋದಾಗ ದಾನವ್ವ ಬಗಲಲ್ಲಿ ಊರುಗೋಲು ಇಟ್ಟುಕೊಂಡು ಗೇಟಿಗೆ ಬಂದಳು. ಸಕ್ಕರೆ ಕಾಯಿಲೆಯ ಹುಣ್ಣು ಮಾಯದೆ ಹುಬ್ಬಳ್ಳಿಯಲ್ಲಿ ಬಲಗಾಲು ತೆಗೆದು ಹದಿನೈದು ದಿನವಾಗಿತ್ತು. ಕೂರಲು ಹೇಳಿದರೆ ಕೂರಲಿಲ್ಲ. ಮುಂದೆ ಮುಂದೆ ಕುಂಟುತ್ತ ಅವರನ್ನು ಮೂಲೆಗೆ ಕರೆದೊಯ್ದಳು.

ಮಾಸ್ತರರ ಗೋರಿಯ ಪಕ್ಕ, ಕಸ ತೆಗೆದು ಸ್ವಚ್ಛ ಮಾಡಿದ ಜಾಗದಲ್ಲಿ ಹಸಿ ಮಣ್ಣಿನ ದಿಬ್ಬ. ಮೊಳದುದ್ದ ಇತ್ತು. ತಲೆಯ ಕಡೆ ಕಟ್ಟಿಗೆಯ ಶಿಲುಬೆ, ಮೇಲೆ ಕಣಗಿಲ ಹೂವು. ಗುರುಶಾಂತಪ್ಪ ಕಾಲಿನ ಮೆಟ್ಟು ಬಿಟ್ಟರು.

"ಯಾರ ಕೂಸ್ರಿ ಅಕ್ಕೋರ?"

"ಕೂಸಲ್ರಿ. ನಂದ."

ಅವರಿಗೆ ತಿಳಿಯಲಿಲ್ಲ. ದಾನವ್ವ ಸೀರೆಯ ನಿರಿಗೆಯನ್ನು ತುಸು ಎತ್ತಿ, ಪಾದವಿರಬೇಕಾದ ಖಾಲಿ ಜಾಗ ತೋರಿಸಿದಳು. "ಡಾಕ್ಟರ್‌ಗೆ ಕಾಡಿ ಬೇಡಿ ಇಸಕೊಂಡು ಬಂದೆ. ಬಟ್ಟಿ ಸುತ್ತಿ ಪೆಟಿಗ್ಯಾಗ ಇಟ್ಟು, ಪಾಸ್ಟರ್ ಪ್ರಾರ್ಥನಾ ಮಾಡ್ಯಾರ. ರಿಜಿಸ್ಟರ್ ನೋಡ್ರಿ."

ಸಮಾಧಿಯ ರಿಜಿಸ್ಟರಿನಲ್ಲಿ ಅವಳದೇ ದುಂಡನೆಯ ಅಕ್ಷರ. ಹೆಸರು: ದಾನವ್ವ ಸಮುವೇಲ. ವಯಸ್ಸು: ಅರವತ್ತೈದು. ಷರಾ: ಬಲಗಾಲು. ಉಳಿದದ್ದು ನಂತರ.

"ಇದು ನಡಿಯೂದಿಲ್ರಿ ಅಕ್ಕೋರ" ಎಂದರು ಗುರುಶಾಂತಪ್ಪ.

"ಯಾಕ ನಡಿಯೂದಿಲ್ಲ? ಎಷ್ಟು ಹುಗೀಬೇಕಂತ ಷರತ್ತಿನಾಗ ಬರದೈತೇನ್ರಿ?"

ಅವರು ಚೀಲದಿಂದ ಕಾಗದ ತೆಗೆದು ಷರತ್ತನ್ನು ಎರಡು ಸಲ ಓದಿದರು. ಬರೆದಿರಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತು ವರದಿ ಬರೆದರು: ಸ್ಥಳ ಪರಿಶೀಲಿಸಲಾಗಿದೆ, ಹೊಸ ಸಮಾಧಿ ಇರುತ್ತದೆ, ಜಾಗ ಉಪಯೋಗದಲ್ಲಿದೆ.

ಹೊರಡುವಾಗ ತಡೆಯಲಾರದೆ ಕೇಳಿದ್ದರು. "ನಿಮ್ಮವರು ಒಂದಿನ ಎಲ್ಲಾರೂ ಎದ್ದು ಬರ್ತೀವಿ ಅಂತೀರಿ. ಕಾಲೊಂದು ಕಡೆ, ನೀವೊಂದು ಕಡೆ ಆದ್ರ ಹೆಂಗ್ರಿ?"

"ಕಾಲು ಮದಲ ಹೋಗತೈತಿ, ನಾ ಹಿಂದ ಬರ್ತೀನಿ. ಸಾಲಿಗಿ ಹೋಗೋ ಮುಂದನೂ ನನ್ನ ಕಾಲ ಮದಲ ಓಡತಿದ್ದುವು" ಎಂದಿದ್ದಳು ದಾನವ್ವ.

*

"ಅವ್ವ ನನಗ್ಯಾಕ ಹೇಳಲಿಲ್ಲ ಕಾಕಾ?" ಎಂದಳು ಸುಗುಣಾ.

"ನನ್ನ ಪೆನ್ಶನ್‌ಗೆ ಕುತ್ತು ಬಂದೀತಂತ. ಬಾಯಿ ಬಿಡಬಾರದಂತ ಅಕ್ಕೋರು ತಾವ ಆಣಿ ಹಾಕ್ಕೊಂಡಿದ್ರು. ಹೋದ ವಾರ ಬೆಂಚಿನ ಮ್ಯಾಲೆ ಕೇಳಿದೆ, ಉಳಿದದ್ದು ನಂತರ ಅಂತ ಬರದೀರೆಲ್ಲ, ಅದರ ಗತಿ ಏನ್ರಿ ಅಂತ. ಉಳಿದದ್ದು ಎಲ್ಲಿದ್ರೇನು ಸರಕಾರ, ಜಾಗದ ಹಕ್ಕಿಗಿ ಒಂದು ಕಾಲು ಸಾಕು ಅಂದ್ರು."

ಸುಗುಣಾಳಿಗೆ ಮೊದಲು ನಗು ಬಂತು. ನಗುತ್ತ ನಗುತ್ತಲೇ ಅಳು ಒತ್ತರಿಸಿತು, ಜಯಾನಂದ ಬಂದು ಭುಜ ಹಿಡಿದುಕೊಂಡ. ವಿಮಾನ ನಿಲ್ದಾಣದಲ್ಲಿ ಅವಳು ಮಾತು ಕೊಟ್ಟಾಗ ಅವ್ವ ಕೈ ಬಿಡಿಸಿಕೊಂಡು "ಅದರ ಚಿಂತಿ ನಿನಗ ಬ್ಯಾಡ" ಎಂದಿದ್ದಳು. ಅದನ್ನು ಮುನಿಸೆಂದುಕೊಂಡಿದ್ದಳು ಮಗಳು, ಇಷ್ಟು ವರ್ಷ.

"ಮಾಮ್, ಯು ಓಕೆ?" ಎಂದಳು ಶರೊನ್.

"ಮುಂಜಾನೆ ಕೇಳಿದ್ದೆಲ್ಲ, ಖರೇ ಕಾಲು ಎಲ್ಲೈತಿ ಅಂತ. ಊರಾಗ ಐತಿ. ನಿಮ್ಮ ಅಜ್ಜನ ಬಾಜೂಕ."

ಶರೊನ್ ಇಬ್ಬರ ಮುಖವನ್ನೂ ನೋಡಿ, "ಕ್ಯಾನ್ ವಿ ಗೋ ಸೀ ಇಟ್?" ಎಂದಳು.

ಪಾಸ್ಟರ್ ಬಂದರು, ಪ್ರಾರ್ಥನೆ ಆಯಿತು, ಪೆಟ್ಟಿಗೆ ಇಳಿಯಿತು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಕೋಲ್ಮಾದ ಮಣ್ಣು ಎರೆಯಷ್ಟು ಕಪ್ಪಲ್ಲ, ಕೈಗೆ ಅಂಟಲೂ ಇಲ್ಲ. ಗುರುಶಾಂತಪ್ಪ ಮಣ್ಣು ಹಾಕಿ ಕೈಮುಗಿದರು.

"ಬರೋ ವಾರ ಊರಿಗಿ ಹೊಂಟೀನಿ, ಕರಿಗಟ್ಟಿಗೂ ಹೋಗಿ ಬರ್ತೀನಿ. ಜೀವಂತ ಅದೀನಿ ಅಂತ ಖಜಾನಿಗೆ ಹೋಗಿ ಸರ್ಟಿಫಿಕೇಟ್ ಕೊಡಬೇಕಲ್ಲ ನವೆಂಬರ್‌ದಾಗ" ಎಂದರು.

ಸುಗುಣಾ ಹ್ಯಾಂಡ್‌ಬ್ಯಾಗ್ ತೆರೆದು ಚಪ್ಪಲಿ ತೆಗೆದಳು. ಗದಗಿನ ಬಜಾರದಲ್ಲಿ ಕೊಂಡದ್ದು. ಕೊಡುವುದೋ ಬೇಡವೋ ಎಂದು ಅನುಮಾನಿಸಿದಳು; ಇನ್ನೊಬ್ಬರ ಕಾಲಿನ ಚಪ್ಪಲಿ, ಅದೂ ವಯಸ್ಸಾದವರ ಕೈಗೆ.

ಗುರುಶಾಂತಪ್ಪನವರು ತಾವೇ ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡರು. ಧೂಳನ್ನು ಕೋಟಿನ ತೋಳಿಗೆ ಒರೆಸಿದರು. ಕಾಗದಪತ್ರ ಬಿಟ್ಟು ಬೇರೇನನ್ನೂ ಹಾಕದ ರೆಕ್ಸಿನ್ ಚೀಲ ತೆರೆದು, ಪೆನ್ಶನ್ ಪುಸ್ತಕದ ಮೇಲೆ ಅದನ್ನು ಇಟ್ಟರು. ಒಮ್ಮೆ ನೋಡಿ, ಮತ್ತೆ ತೆಗೆದು, ಉಂಗುಟ ಮುಂದೆ ಬರುವಂತೆ ತಿರುಗಿಸಿ ಇಟ್ಟರು.