ಗಂಟೆ ಕಡಲಾಚೆ ಹೋದ ಬುಧವಾರ

ಬೆಲ್ಜಿಯಂನ ಆ ಊರಿನ ಚೌಕದಲ್ಲಿ ಇಪ್ಪತ್ತನಾಲ್ಕು ಜನ ಡಂಗುರದವರು ಸಾಲಾಗಿ ನಿಂತಿದ್ದರು. ಡಂಗುರದವರು ಅನ್ನೋದು ಹೆಸರಿಗಷ್ಟೇ. ಅವರದೆಲ್ಲ ಕೈಗಂಟೆಯ ಕಸುಬು. ಒಬ್ಬೊಬ್ಬರಾಗಿ ಜಗಲಿ ಹತ್ತಿ ತಂತಮ್ಮ ಊರನ್ನು ಹೊಗಳಿ ಗಂಟಲು ಹರಿಯುವಂತೆ ಕೂಗಬೇಕು, ತೀರ್ಪುಗಾರರು ಅಂಕ ಹಾಕಬೇಕು. ಅದೇ ಪಂದ್ಯ. ಸಾಲಿನಲ್ಲಿ ಹದಿನೇಳನೆಯವನು ಇಂಗ್ಲೆಂಡಿನ ಪೋಲ್‌ವಿಡನ್ ಊರಿನ ಹೆಡ್ಲಿ ಪೆಂಗೆಲ್ಲಿ. ಕೆಂಪು ಕೋಟಿನೊಳಗೆ ಅವನ ಬೆನ್ನು ಬೆವರಿ ತೊಪ್ಪೆಯಾಗಿತ್ತು. ಕೂಗುವುದಕ್ಕೆ ಅವನೇನೂ ಹೆದರುವವನಲ್ಲ, ಹತ್ತೊಂಬತ್ತು ವರ್ಷದಿಂದ ಕೂಗಿಕೊಂಡೇ ಬಂದ ಜೀವ. ಅವನ ಜೀವ ಹಿಂಡುತ್ತಿದ್ದದ್ದು ಇವತ್ತು ಬುಧವಾರ ಅನ್ನುವ ಸಂಗತಿ.

ಪೋಲ್‌ವಿಡನ್ನಿನ ಬುಧವಾರದ ಸಂತೆಗೆ ಯಾವ ಕಾಲದಲ್ಲೋ ಒಬ್ಬ ರಾಜ ಹಕ್ಕುಪತ್ರ ಬರೆದುಕೊಟ್ಟಿದ್ದಾನೆ. ಬುಧವಾರ ನಡುಹಗಲಾಗುವ ಮುಂಚೆ ಊರ ಗಂಟೆ ಮೂರು ಸಲ ಚೌಕದಲ್ಲಿ ಕೇಳಿಸಬೇಕು, ಆಮೇಲೆ ಸಂತೆ ಸಾರಬೇಕು. ಒಂದೇ ಒಂದು ಬುಧವಾರ ತಪ್ಪಿತೋ, ಹಕ್ಕು ಹೋಯಿತು. ಯುದ್ಧದ ಕಾಲದಲ್ಲೂ ತಪ್ಪಿರಲಿಲ್ಲ. ಆ ಜಾಗದಲ್ಲಿ ಕಾರು ನಿಲ್ಲಿಸುವ ಕಟ್ಟಡ ಎಬ್ಬಿಸಬೇಕೆಂದು ಹಠ ಹಿಡಿದಿದ್ದ ಕೌನ್ಸಿಲರ್ ಗ್ರೈಲ್ಸ್ ಅಂಥದ್ದೊಂದು ಬುಧವಾರಕ್ಕೇ ಬಕಪಕ್ಷಿಯ ಹಾಗೆ ಕಾದು ಕೂತಿದ್ದ.

ಪಂದ್ಯ ಇದ್ದದ್ದು ಮಂಗಳವಾರ. ಮುಗಿಸಿ ರಾತ್ರಿ ಹಡಗು ಹತ್ತಿದರೆ ಬೆಳಿಗ್ಗೆ ಊರು. ಆದರೆ ಮಂಗಳವಾರ ಗಾಳಿಮಳೆ ಹೊಡೆದು ಪಂದ್ಯ ಮರುದಿನಕ್ಕೆ ಹೋಯಿತು. ಹೆಡ್ಲಿ ಊರಿನಲ್ಲಿ ಮೀನು ಮಾರುವ ಥರ್ಜಾ ಆಂಟಿಗೆ ಫೋನು ಮಾಡಿ, "ನಾಳೆ ಒಂದಿನ ನೀವೇ ಸಾರಿಬಿಡಿ" ಅಂದ. ಊರ ಕಚೇರಿಯ ಗುಮಾಸ್ತ ಟ್ರುಡ್ಜನ್ ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟ. ಎಲ್ಲಾ ಸರಿ, ಗಂಟೆ? ಊರ ಗಂಟೆ ಹೆಡ್ಲಿಯ ಜೊತೆ ಬೆಲ್ಜಿಯಂಗೆ ಬಂದಿತ್ತಲ್ಲ! "ಹೊಸ ಗಂಟೆ ಒಯ್ಯಿ, ಹಳೇದು ಊರಲ್ಲಿರ್ಲಿ" ಅಂತ ಜೊತೆಗೇ ಹೊರಟಿದ್ದ ಹೆಂಡತಿ ಲವ್‌ಡೇ ಬಡಕೊಂಡಿದ್ದಳು. ಹೊಸದರ ದನಿ ತಗಡು ಬಡಿದ ಹಾಗಿದೆ, ಪರಊರಲ್ಲಿ ಮರ್ಯಾದೆ ಹೋಗುತ್ತೆ ಅಂತ ಈ ಜಂಬಗಾರ ಹಳೆಯದನ್ನೇ ಎತ್ತಿಕೊಂಡು ಬಂದಿದ್ದ. ಕಪಾಟಿನಲ್ಲಿರುವುದನ್ನು ಆಂಟಿ ಬಾರಿಸಿದರಾಯಿತು, ಯಾರು ನೋಡುತ್ತಾರೆ ಅಂತ ಈಗ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ.

ಹನ್ನೆರಡೂ ಮುಕ್ಕಾಲಿಗೆ ಫೋನು ಬಂತು. ಊರಿನಲ್ಲಿ ಆಗ ಹನ್ನೊಂದೂ ಮುಕ್ಕಾಲು.

"ಲೋ ನನ್ ರಾಜ, ಊರ ಗಂಟೆ ಎಲ್ಲೋ?" ಥರ್ಜಾ ಆಂಟಿಯ ದನಿ. "ಇಲ್ಲಿ ನಿನ್ನ ಕಪಾಟಲ್ಲಿ ಹಸು ಕೊರಳಿಗೆ ಕಟ್ಟೋ ಅಂಥದ್ದು ಒಂದಿದೆ."

"ಅದನ್ನೇ ಬಾರಿಸಿಬಿಡಿ ಆಂಟಿ. ಯಾರಿಗೆ ಗೊತ್ತಾಗುತ್ತೆ?"

"ಗ್ರೈಲ್ಸ್ ಕುರ್ಚಿ ಹಾಕ್ಕೊಂಡು ಎದುರಿಗೇ ಕೂತಿದಾನೆ ಕಣೋ, ಹಕ್ಕುಪತ್ರದ ನಕಲು ತೊಡೆ ಮೇಲೆ ಇಟ್ಕೊಂಡು! ಆಗ್ಲೇ ಬಾರಿಸಿದೆ. ಇದು ಊರ ಗಂಟೆ ಅಲ್ಲ, ಲೆಕ್ಕಕ್ಕಿಲ್ಲ ಅಂದ. ಮೀನಲ್ಲಿ ಹೊಡೆಯೋಣ ಅನ್ನಿಸ್ತು."

ಆಂಟಿಯ ಕೈಯಿಂದ ಗುಮಾಸ್ತ ಫೋನು ತೆಗೆದುಕೊಂಡ. ಟ್ರುಡ್ಜನ್ ಅಂದರೆ ಅಕ್ಷರದಿಂದ ಆಚೀಚೆ ಹೆಜ್ಜೆ ಇಡದ ಮನುಷ್ಯ.

"ಮಿಸ್ಟರ್ ಪೆಂಗೆಲ್ಲಿ, ಊರ ಗಂಟೆ ಚೌಕದಲ್ಲಿ ಕೇಳಿಸಬೇಕು ಅಂತ ಪತ್ರದಲ್ಲಿದೆ. ಎಲ್ಲಿ ನಿಂತು ಬಾರಿಸಬೇಕು ಅಂತ ಇಲ್ಲ. ಐಸ್‌ಕ್ರೀಂ ಗಾಡಿಯವನು ತನ್ನ ಮೈಕು ಕೊಡ್ತಾನಂತೆ, ಫೋನನ್ನ ಅದಕ್ಕೆ ಹಿಡೀತೀವಿ. ಹನ್ನೆರಡು ಹೊಡೆಯೋದ್ರೊಳಗೆ ಕೇಳಿಸಿದ್ರೆ ಕೇಳಿಸ್ತು ಅಂತ ಬರೀತೀನಿ. ಕೇಳಿಸದಿದ್ರೆ ಕೇಳಿಸಲಿಲ್ಲ ಅಂತ್ಲೂ ನಾನೇ ಬರೀಬೇಕಾಗುತ್ತೆ."

ಗಂಟೆ ಎಲ್ಲಿ? ಇಪ್ಪತ್ತನಾಲ್ಕೂ ಗಂಟೆಗಳು ಜಗಲಿಯ ಪಕ್ಕದ ಮೇಜಿನ ಮೇಲಿದ್ದವು, ನಾಲಗೆಗೆ ತೊಗಲಿನ ಪಟ್ಟಿ ಬಿಗಿದು. ಒಬ್ಬರು ಕೂಗುವಾಗ ಇನ್ನೊಬ್ಬರ ಗಂಟೆ ಸದ್ದು ಮಾಡಬಾರದು, ಅದು ಡಂಗುರದವರಲ್ಲಿ ದೊಡ್ಡ ಪಾಪ. ಮಾಡಿದವನು ಪಂದ್ಯದಿಂದ ಹೊರಗೆ. ಮೇಜು ಕಾಯುತ್ತಿದ್ದ ಯೋರಿಸ್ ಎಂಬ ದಢೂತಿ ಮನುಷ್ಯನ ಮುಂದೆ ಹೆಡ್ಲಿ ಕೈಮುಗಿಯುವುದೊಂದು ಬಾಕಿ.

"ಐದೇ ನಿಮಿಷ ಕೊಡಿ ಯೋರಿಸ್. ಸಂದಿಯೊಳಗೆ ಹೋಗಿ ಬಾರಿಸಿ ತಂದುಬಿಡ್ತೀನಿ."

"ನಿಮ್ಮ ಸರದಿ ಒಂದೂಕಾಲಿಗೆ. ಅಲ್ಲೀವರೆಗೂ ಗಂಟೆ ಮೇಜು ಬಿಟ್ಟು ಕದಲೋ ಹಾಗಿಲ್ಲ."

"ಒಂದೂಕಾಲಿಗೆ ನಮ್ಮೂರ ಸಂತೆ ಸತ್ತಿರುತ್ತೆ ಸ್ವಾಮಿ!"

"ಎಲ್ಲರೂ ಒಂದೊಂದು ಕಥೆ ಹೇಳ್ತಾರೆ. ಬೆಳಿಗ್ಗೆ ಒಬ್ಬ ಅಜ್ಜಿ ಸತ್ತಳು ಅಂದ."

ಜಗಲಿಯ ಮೇಲೆ ಫೆಮ್ಕೆ ಹತ್ತಿದಳು. ಡಚ್ಚರ ಹುಡುಗಿ, ಹೊರದೇಶದಲ್ಲಿ ಇದೇ ಮೊದಲ ಕೂಗು. ಬೆಳಿಗ್ಗೆ ಹೆದರಿ ಮೂಲೆ ಹಿಡಿದಿದ್ದವಳ ಭುಜ ತಟ್ಟಿ, "ಹೆದರ್ಬೇಡಮ್ಮ, ಯಾರೂ ನಿನ್ನನ್ನ ತಡೆಯಲ್ಲ" ಅಂದಿದ್ದವನು ಇದೇ ಹೆಡ್ಲಿ. ಅವಳು ಬರೆದು ತಂದಿದ್ದ ಕಾಗದದ ಸುರುಳಿ ಬಿಚ್ಚಿದಳು. ಗಡಿಯಾರದಲ್ಲಿ ಒಂದಕ್ಕೆ ಮೂರು ನಿಮಿಷ ಇತ್ತು.

ಹೆಡ್ಲಿಯ ಕಾಲು ಕದಲಲಿಲ್ಲ. ಹತ್ತೊಂಬತ್ತು ವರ್ಷದ ಹೆಸರು, ಊರವರು ಹಾರ ಹಾಕಿ ಕಳಿಸಿದ್ದು, ಇಡೀ ಚಳಿಗಾಲ ಕೂತು ಬರೆದು ಬಾಯಿಪಾಠ ಮಾಡಿದ ಊರಿನ ಹೊಗಳಿಕೆ, ಎಲ್ಲವೂ ಒಟ್ಟಿಗೇ ಅಡ್ಡ ಬಂದು ನಿಂತವು. ಫೋನಿನಲ್ಲಿ ಆಂಟಿ, "ಹೆಡ್ಲಿ, ಇದ್ದೀಯೇನೋ? ಮಾತಾಡೋ!" ಅನ್ನುತ್ತಲೇ ಇದ್ದಳು.

ಲವ್‌ಡೇ ಅವನ ಪಕ್ಕಕ್ಕೆ ಬಂದಳು. ನೀಲಿ ರೇಷ್ಮೆಯ ಲಂಗ ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು.

"ಯಾರ ಅಪ್ಪಣೆಗೆ ಕಾಯ್ತಿದ್ದೀಯ?" ಅಂದಳು. "ಸಂತೆನೇ ಇಲ್ದಿರೋ ಊರನ್ನ ಇಲ್ಲಿ ನಿಂತು ಹೊಗಳ್ತೀಯಾ? ನಾಚಿಕೆ ಆಗಲ್ವಾ? ಹೋಗಿ ಕಿತ್ಕೋ!"

ಫೋನನ್ನು ಅವಳ ಕೈಗೆ ತುರುಕಿ ಹೆಡ್ಲಿ ಮೇಜಿನ ಮೇಲೆ ಬಿದ್ದ. ಗಂಟೆ ಸಿಕ್ಕಿತು; ಪಟ್ಟಿಯ ಬಕ್ಕಲು ಮಾತ್ರ ಬಿಚ್ಚಲೊಲ್ಲದು. ಬೆವರಿಗೆ ಬೆರಳು ಜಾರುತ್ತಿತ್ತು. ಯೋರಿಸ್ ಕೋಟಿನ ತೋಳು ಹಿಡಿದೆಳೆದ, ತೋಳು ಹೊಲಿಗೆ ಬಿಟ್ಟು ಪರ್ರಂತ ಹರಿಯಿತು. ಹೆಡ್ಲಿ ಹಲ್ಲಿನಲ್ಲಿ ಕಚ್ಚಿ ಪಟ್ಟಿ ಎಳೆದ. ಬಿಚ್ಚಿಕೊಂಡಿತು.

ಫೆಮ್ಕೆ ತನ್ನೂರಿನ ಕಾಲುವೆಗಳ ವರ್ಣನೆಗೆ ಬಂದಿದ್ದಳು. ಹೆಡ್ಲಿ ಅವಳತ್ತ ನೋಡಲಾರದೆ ಕಣ್ಣು ಮುಚ್ಚಿ ಕೈ ಎತ್ತಿದ.

ಢಣ್. ಚೌಕವೆಲ್ಲ ತಿರುಗಿ ನೋಡಿತು. ಢಣ್. ಯಾರೋ "ಥೂ, ಅನಾಗರಿಕ!" ಅಂದರು. ಢಣ್.

ಲವ್‌ಡೇ ಫೋನನ್ನು ಮೇಲಕ್ಕೆ ಹಿಡಿದೇ ಇದ್ದಳು. ಕೇಳಿಸಿತೋ ಇಲ್ಲವೋ? ಮೈಕು ಕೈಕೊಟ್ಟಿತೋ? ಜಗಲಿಯ ಮೇಲೆ ಫೆಮ್ಕೆಯ ಕಣ್ಣಲ್ಲಿ ನೀರು.

"ಯಾರೂ ತಡೆಯಲ್ಲ ಅಂದ್ರಲ್ಲ ನೀವು!" ಅಂದಳು.

"ತಪ್ಪಾಯ್ತಮ್ಮ," ಅಂದ ಹೆಡ್ಲಿ. "ನೂರು ಸಲ ತಪ್ಪಾಯ್ತು. ತೀರ್ಪುಗಾರರೇ, ಇವಳನ್ನ ಮೊದಲಿಂದ ಕೂಗೋಕೆ ಬಿಡಿ, ಇವಳದೇನೂ ತಪ್ಪಿಲ್ಲ." ತೀರ್ಪುಗಾರರು ತಲೆಗೆ ತಲೆ ಕೊಟ್ಟು ಗುಸುಗುಸು ಮಾತಾಡಿ, ಅವಳಿಗೆ ಮತ್ತೆ ಶುರುಮಾಡಲು ಸನ್ನೆ ಮಾಡಿದರು. ಅವಳು ಮೂಗೊರೆಸಿಕೊಂಡು ಸುರುಳಿಯನ್ನು ಮೇಲಿನಿಂದ ಬಿಚ್ಚಿದಳು.

ಅಷ್ಟರಲ್ಲಿ ಫೋನಿನಲ್ಲಿ ಗುಮಾಸ್ತನ ದನಿ ಬಂತು, ತಣ್ಣಗೆ, ಪಂಚಾಂಗ ಓದಿದ ಹಾಗೆ. "ಹನ್ನೊಂದು ಗಂಟೆ ಐವತ್ತೊಂಬತ್ತು ನಿಮಿಷ. ಊರ ಗಂಟೆ, ಮೂರು ಸಲ. ಕೇಳಿಸಿತು." ಹಿಂದಿನಿಂದ ಗ್ರೈಲ್ಸ್ ಏನೋ ಕಿರುಚುತ್ತಿದ್ದ, ಅದರ ಮೇಲೆ ಥರ್ಜಾ ಆಂಟಿಯ ಗಂಟಲು ಎದ್ದಿತು. "ಕೇಳ್ರಪ್ಪೋ ಕೇಳ್ರೀ! ಪೋಲ್‌ವಿಡನ್ನಿನ ಸಂತೆ ತೆರೆದಿದೆ! ಬರೋರು ಬರ್ರಿ, ಮಾರೋರು ಮಾರ್ರಿ!"

ಹತ್ತೊಂಬತ್ತು ವರ್ಷ ತಾನೇ ಕೂಗಿದ ಮಾತು. ಕೇಳುವವನ ಜಾಗದಲ್ಲಿ ನಿಂತು ಅವನು ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಹೆಡ್ಲಿ ಹೆಂಡತಿಯ ಕೈಯಿಂದ ಫೋನು ತೆಗೆದುಕೊಂಡು ಕಿವಿಗೊತ್ತಿ, ಮೇಜಿನ ಪಕ್ಕದ ಮೆಟ್ಟಿಲ ಮೇಲೆ ಕುಸಿದು ಕೂತ.

ಯೋರಿಸ್ ಕೈಚಾಚಿದ. "ಹದಿನೇಳನೇ ನಂಬರು ವಾಪಸ್ ಕೊಡಿ. ನೀವು ಪಂದ್ಯದಲ್ಲಿಲ್ಲ."

ಹೆಡ್ಲಿ ಎದೆಯ ಮೇಲಿನ ಚೀಟಿ ಕಿತ್ತು ಕೊಟ್ಟ. ಆಂಟಿ ಫೋನು ಇಡುವುದನ್ನು ಮರೆತಿದ್ದಳು. ಅಲ್ಲಿ ಯಾರೋ ಹೆಂಗಸು ಬಂಗುಡೆ ಬಾಡಿದೆ ಅಂತಿದ್ದಳು, ಆಂಟಿ "ಬಾಡಿರೋದು ನಿನ್ ಮುಖ, ಕಿವಿರು ಎತ್ತಿ ನೋಡು ತಾಯಿ" ಅಂತ ಬೈಯುತ್ತಿದ್ದಳು.

"ಏನಂತೆ?" ಅಂದಳು ಲವ್‌ಡೇ.

"ಸುಮ್ನಿರು," ಅಂದ ಹೆಡ್ಲಿ, ಕಣ್ಣೊರೆಸಿಕೊಳ್ಳುತ್ತಾ. "ಇನ್ನೂ ಚೌಕಾಸಿ ನಡೀತಾ ಇದೆ."