ಅಜ್ಜನ ಸೇರು

ಕುಂದಗೋಳದ ಕುಬೇರಪ್ಪನಿಗೆ ಶಕೀಲನ ಅಂಗಡಿಯ ತಕ್ಕಡಿಯ ಮೇಲೆ ಹತ್ತು ವರ್ಷದ ಅನುಮಾನ. ಅವನು ಕೊಟ್ಟ ಕಾಳನ್ನು ಅವನೆದುರೇ ಅಳೆದು ಬುದ್ಧಿ ಕಲಿಸಲೆಂದೇ, ಕಾಳಿನ ವ್ಯಾಪಾರಿಯಾಗಿದ್ದ ತನ್ನ ಅಜ್ಜನ ಹಿತ್ತಾಳೆ ಸೇರನ್ನು ಅಟ್ಟದಿಂದ ಇಳಿಸಿದ.

"ಆಗಿನ ಮಂದಿ ದೇವರಂಥವ್ರು. ಈಗಿನವ್ರಿಗೆ ನಿಯತ್ತಿಲ್ಲ."

ಹೆಂಡತಿ ಸಾವಿತ್ರೆವ್ವ ಅದನ್ನು ತೊಳೆಯಲು ಕುದಿಯುವ ನೀರು ಸುರಿದಳು. ತಳಕ್ಕೆ ಬೆರಳುದಪ್ಪ ಮೆತ್ತಿದ್ದ ಮೇಣ ಕರಗಿ ತೇಲಿತು. ಸೇರು ಕಡಿಮೆ ಕಾಳು ಹಿಡಿಯಲೆಂದು ಅಜ್ಜ ಮಾಡಿದ್ದ ಉಪಾಯ.



"ಇರ್ಲಿ ಬಿಡ್ರಿ," ಎಂದಳು ಸಾವಿತ್ರೆವ್ವ. "ನಿಮ್ಮಜ್ಜಾರೂ ನಮ್ಮಂಥಾ ಮನಷ್ಯಾರ."

ಸಂಜೆ ಕುಬೇರಪ್ಪ ಸೇರನ್ನು ಮನೆಯಲ್ಲೇ ಬಿಟ್ಟು ಅಂಗಡಿಗೆ ಹೋದ. ಶಕೀಲ ಜೋಳ ತೂಗಿ, "ತೂಕಾ ನೋಡ್ಕೋರಿ ಕಾಕಾ," ಎಂದ.

"ನೀ ನೋಡಿದ್ರ ಸಾಕಪಾ," ಎಂದು ಕುಬೇರಪ್ಪ ರಸ್ತೆಯ ಕಡೆ ಮುಖ ತಿರುಗಿಸಿದ.

ಶಕೀಲ ಎಂದಿನಂತೆ ಮೇಲೊಂದು ಹಿಡಿ ಕೊಸರು ಹಾಕಿದ.